ಸಂಶೋಧನೆಯ ಬಾಗಿಲು ತಟ್ಟುವುದು ಹೇಗೆ?

ಕಳೆದ ವರ್ಷ ಬಿ.ಎಸ್‌ಸಿ. ತರಗತಿಯಲ್ಲಿ ಬೆಳಕಿನ ವ್ಯತೀಕರಣದ ಪಾಠ ನಡೆಯುತ್ತಿದ್ದಿತು. ತಂತಿಯ ಉಂಗುರವೊಂದನ್ನು ಸೋಪಿನ ನೀರಿನಲ್ಲಿ ಅದ್ದಿ ನೆಟ್ಟಗೆ ಹಿಡಿದರೆ ಪೊರೆಯ ಮೇಲೆ ಬಣ್ಣದ ಪಟ್ಟೆಗಳು ಮೂಡಿ ಮೆಲ್ಲಮೆಲ್ಲನೆ ಕೆಳಗಿಳಿಯುವುವು. ಪೊರೆ ಒಡೆಯುವುದಕ್ಕೆ ತುಸು ಮುಂಚೆ ಅದರ ಮೇಲ್ಭಾಗ ಕಪ್ಪಾಗಿ ಕಾಣುವುದು. ಇದನ್ನು ತೋರಿಸಿ ಪಾಠ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ವಿಜ್ಞಾನಿಯ ಕೆಲಸಕ್ಕೆ ಅರ್ಜಿ ಫಾರಂ ಎಲ್ಲಿ ಸಿಕ್ಕುತ್ತದೆ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

ಏಕೆಂದರೆ ಆ ಪ್ರಶ್ನೆ ನ್ಯಾಯವಾದುದು. ವೈದ್ಯನಾಗಬೇಕೆಂಬುವನು ಯಾವ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಇಂಜಿನಿಯರಿಂಗ್ ಕಾಲೇಜಿಗೆ ಸೇರುವ ಬಗೆ, ಬ್ಯಾಂಕಿನ ಗುಮಾಸ್ತನಾಗುವ ಬಗೆ, ಇವೂ ಗೊತ್ತು. ಆದರೆ ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕನಾಗುವ ಬಗೆ ಯಾವುದು? ಈ ತಿಳಿವಳಿಕೆ ದೊಡ್ಡ ಸಂಸ್ಥೆಗಳ ಪಡಸಾಲೆಗಳಲ್ಲಿ, ಕಾಫಿಯ ಹೊತ್ತಿನ ಮಾತುಕತೆಗಳಲ್ಲಿ, ಬಾಯಿಂದ ಬಾಯಿಗೆ ಹರಿಯುತ್ತದೆ. ಆ ಪಡಸಾಲೆಯಿಂದ ದೂರವಿರುವವರಿಗೆ ಅದು ತಲಪುವುದಿಲ್ಲ. ಪ್ರಶ್ನೆ ಕೇಳಿದ ಹುಡುಗನ ತಂದೆ ಸಣ್ಣ ಹಿಡುವಳಿಯ ರೈತರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲಿಗ. ಇಂಥವರು ಪ್ರತಿಭೆಯ ಕೊರತೆಯಿಂದಲ್ಲದೆ, ಬಾಗಿಲು ಎಲ್ಲಿದೆಯೆಂಬುದು ತಿಳಿಯದೆ ಹಿಂದಿರುಗಿದರೆ ಆ ನಷ್ಟ ಅವರದು ಮಾತ್ರವಲ್ಲ. ಆದುದರಿಂದ ಆ ದಿನ ಐದು ನಿಮಿಷಗಳಲ್ಲಿ ಹೇಳಲಾರದೆ ಹೋದ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎರಡು ಪತ್ರಗಳು

ಮೊದಲು ಎರಡು ಹಳೆಯ ಅರ್ಜಿಗಳ ಕಥೆಯನ್ನು ಕೇಳೋಣ.

ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯೊಂದರಲ್ಲಿ ಮೈಕೇಲ್ ಫ್ಯಾರಡೆ ಎಂಬ ಹುಡುಗ ಕೆಲಸ ಕಲಿಯುತ್ತಿದ್ದ. ೧೮೧೨ನೆಯ ಇಸವಿಯಲ್ಲಿ ಅಂಗಡಿಯ ಗಿರಾಕಿಯೊಬ್ಬರ ಕೃಪೆಯಿಂದ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳುವ ಅವಕಾಶ ಅವನಿಗೆ ದೊರೆಯಿತು. ವಿಜ್ಞಾನದ ಕೆಲಸ ಬೇಕೆಂದು ಅವನು ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಬರೆದ ಪತ್ರಕ್ಕೆ ಉತ್ತರವೇ ಬರಲಿಲ್ಲ. ಅನಂತರ ಅವನು ಬೇರೊಂದು ದಾರಿ ಹಿಡಿದ. ಡೇವಿಯವರ ಉಪನ್ಯಾಸಗಳ ಟಿಪ್ಪಣಿಗಳನ್ನು ಅಂದವಾಗಿ ಬರೆದು, ಚಿತ್ರಗಳನ್ನು ಸೇರಿಸಿ, ತಾನೇ ರಟ್ಟು ಕಟ್ಟಿ, ಪತ್ರದೊಡನೆ ಅವರಿಗೇ ಕಳುಹಿಸಿದ. ಡೇವಿ ಉತ್ತರ ಬರೆದರು; ಆದರೆ ಆಗ ಖಾಲಿ ಜಾಗವಿರಲಿಲ್ಲ. ಕೆಲವು ವಾರಗಳಲ್ಲಿ ಪ್ರಯೋಗಶಾಲೆಯ ಸಹಾಯಕನೊಬ್ಬನನ್ನು ಕೆಲಸದಿಂದ ತೆಗೆಯಬೇಕಾಗಿ ಬಂದಾಗ ಅವರಿಗೆ ಈ ಹುಡುಗನ ನೆನಪಾಯಿತು. ೧೮೧೩ನೆಯ ಮಾರ್ಚ್ ೧ರಂದು ಫ್ಯಾರಡೆ ವಾರಕ್ಕೆ ೨೫ ಷಿಲಿಂಗ್ ಸಂಬಳದ ಮೇಲೆ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದ. ಮುಂದೆ ವಿದ್ಯುಜ್ಜನಕದ ತತ್ತ್ವವನ್ನು ಕಂಡುಹಿಡಿದವನು ಇವನೇ.

ಎರಡನೆಯ ಪತ್ರ ಆಲ್ಬರ್ಟ್ ಐನ್‌ಸ್ಟೈನರದು. ೧೯೦೦ದಲ್ಲಿ ಜೂರಿಚ್ಚಿನಲ್ಲಿ ಪದವಿ ಪಡೆದ ಅವರಿಗೆ ಯಾವ ಪ್ರಾಧ್ಯಾಪಕರೂ ಸಹಾಯಕನ ಹುದ್ದೆ ಕೊಡಲಿಲ್ಲ. ೧೯೦೧ರ ಮಾರ್ಚ್ ತಿಂಗಳಲ್ಲಿ ಅವರು ಲೈಪ್‌ಜಿಗ್ಗಿನ ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಆಸ್ಟ್‌ವಾಲ್ಡರಿಗೆ ತಮ್ಮ ಮೊದಲ ಲೇಖನವನ್ನು ಕಳುಹಿಸಿ ಕೆಲಸ ಕೇಳಿದರು. ಉತ್ತರ ಬಾರದಿರಲು, ಪತ್ರದಲ್ಲಿ ವಿಳಾಸ ಬರೆದಿದ್ದೆನೋ ಇಲ್ಲವೋ ಎಂಬ ನೆಪದಿಂದ ಮತ್ತೊಮ್ಮೆ ಬರೆದರು. ಮಗನ ಸಂಕಟವನ್ನು ನೋಡಲಾರದೆ ಅವರ ತಂದೆಯೂ ಮಗನಿಗೆ ತಿಳಿಸದೆ ಅದೇ ಆಸ್ಟ್‌ವಾಲ್ಡರಿಗೆ ಒಂದು ಪತ್ರ ಬರೆದರು. ಫಲ ಸಿಕ್ಕಲಿಲ್ಲ. ೧೯೦೨ರಲ್ಲಿ, ಸ್ನೇಹಿತನ ತಂದೆಯ ಸಹಾಯದಿಂದ, ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸವಾಯಿತು. ಆ ಮೇಜಿನ ಮುಂದೆ ಕುಳಿತೇ ಅವರು ೧೯೦೫ರ ಪ್ರಸಿದ್ಧ ಲೇಖನಗಳನ್ನು ಬರೆದರು. ೧೯೧೦ರಲ್ಲಿ ಐನ್‌ಸ್ಟೈನರ ಹೆಸರನ್ನು ಮೊತ್ತಮೊದಲಿಗೆ ನೊಬೆಲ್ ಪಾರಿತೋಷಕಕ್ಕೆ ಸೂಚಿಸಿದವರು ಅದೇ ಆಸ್ಟ್‌ವಾಲ್ಡರು!

ಈ ಕಥೆಗಳಿಂದ ನಾವು ತಿಳಿಯಬೇಕಾದುದು ಎರಡು ಸಂಗತಿ. ಮೊದಲನೆಯದು, ತನ್ನ ಕೆಲಸವನ್ನು ತೋರಿಸುವ ಅರ್ಜಿಗೆ ಬರಿದೆ ಕೆಲಸ ಬೇಡುವ ಅರ್ಜಿಗಿಂತ ಹೆಚ್ಚಿನ ಬಲವುಂಟು. ಎರಡನೆಯದು, ಅಂಥ ಅರ್ಜಿಗೂ ಉತ್ತರ ಬಾರದೆ ಹೋಗಬಹುದು. ಆ ಮೌನ ನಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ.

ಸಂಶೋಧನೆಯ ಹುದ್ದೆಯೆಂದರೇನು?

ಸಾಮಾನ್ಯ ಕಚೇರಿಯಲ್ಲಿ ಕುರ್ಚಿ ಮೊದಲೇ ಇರುತ್ತದೆ. ಅದರಲ್ಲಿ ಕುಳಿತುಕೊಳ್ಳುವವನು ಬದಲಾಗುತ್ತಾನೆ. ಸಂಶೋಧನೆಯಲ್ಲಿ ಹಾಗಲ್ಲ. ಅಲ್ಲಿ ಹುದ್ದೆಯೆಂಬುದು ಮೂರು ಕಾಲುಗಳ ಮೇಲೆ ನಿಂತ ಮಣೆಯಂತೆ. ಒಂದು ಕಾಲು, ಉತ್ತರ ಸಿಕ್ಕದ ಪ್ರಶ್ನೆ. ಇನ್ನೊಂದು, ಆ ಪ್ರಶ್ನೆಯನ್ನು ಬೆನ್ನಟ್ಟುತ್ತಿರುವ ಮಾರ್ಗದರ್ಶಕ. ಮೂರನೆಯದು, ಕೆಲವು ವರ್ಷಗಳ ಮಟ್ಟಿಗೆ ಅದಕ್ಕಾಗಿ ತೆಗೆದಿಟ್ಟ ಹಣ. ಇವುಗಳಲ್ಲಿ ಒಂದು ಇಲ್ಲವಾದರೂ ಮಣೆ ನಿಲ್ಲದು. ಆದಕಾರಣ ಹುದ್ದೆಯನ್ನು ಹುಡುಕುವುದೆಂದರೆ ಈ ಮೂರೂ ಕೂಡುವ ಸ್ಥಳವನ್ನು ಹುಡುಕುವುದು ಎಂದರ್ಥ.

ಈ ಹಾದಿಯಲ್ಲಿ ಮುಖ್ಯವಾಗಿ ಮೂರು ಮೆಟ್ಟಿಲುಗಳಿವೆ. ಎಂ.ಎಸ್‌ಸಿ. ಅಥವಾ ಇಂಜಿನಿಯರಿಂಗ್ ಪದವಿಯ ಅನಂತರ ಪಿಎಚ್.ಡಿ.; ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷ ಹಿಡಿಯುವುದು. ಅದರ ಮೇಲೆ ಎರಡು ಮೂರು ವರ್ಷಗಳ ತಾತ್ಕಾಲಿಕ ಸಂಶೋಧಕನ ಕೆಲಸ, ಅಂದರೆ ಪೋಸ್ಟ್ ಡಾಕ್ಟರಲ್ ಫೆಲೊ ಆಗಿರುವುದು, ಆಡುಮಾತಿನಲ್ಲಿ ಪೋಸ್ಟ್‌ಡಾಕ್. ಕೊನೆಗೆ ಅಧ್ಯಾಪಕನ ಅಥವಾ ವಿಜ್ಞಾನಿಯ ಖಾಯಂ ಹುದ್ದೆ. ಎರಡನೆಯ ಮೆಟ್ಟಿಲು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತ. ಡಾಕ್ಟರೇಟ್ ಆದ ಮೇಲೂ ಮತ್ತೇಕೆ ಶಿಷ್ಯವೃತ್ತಿ ಎಂದು ಕೇಳುವವರುಂಟು. ಸಂಗೀತಗಾರನು ಒಬ್ಬ ಗುರುವಿನ ಬಳಿ ಪಾಠ ಮುಗಿಸಿದ ಮೇಲೆ ಬೇರೆ ವಿದ್ವಾಂಸರ ಸಹವಾಸದಲ್ಲಿ ಕೆಲಕಾಲ ಕಳೆದು ತನ್ನದೇ ಆದ ಬಾನಿಯನ್ನು ಕಂಡುಕೊಳ್ಳುವುದಿಲ್ಲವೆ? ಇದೂ ಹಾಗೆಯೇ.

ಈ ಪದ್ಧತಿ ಬಹಳ ಹಳೆಯದೇನಲ್ಲ. ೧೮೭೬ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯ ಆರಂಭವಾದಾಗ ಸಂಶೋಧನೆಗೆಂದೇ ಇಪ್ಪತ್ತು ಫೆಲೊಷಿಪ್‌ಗಳನ್ನು ಇಟ್ಟರು; ಅವನ್ನು ಪಡೆದವರಲ್ಲಿ ಆಗಲೇ ಡಾಕ್ಟರೇಟ್ ಆದವರೂ ಇದ್ದರು. ೧೯೧೯ರಲ್ಲಿ ಅದೇ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಲಿ ರಾಕ್‌ಫೆಲರ್ ನಿಧಿಯ ಹಣದಿಂದ ಭೌತವಿಜ್ಞಾನ ಮತ್ತು ರಸಾಯನ ವಿಜ್ಞಾನಗಳಲ್ಲಿ ಡಾಕ್ಟರೇಟ್ ಅನಂತರದ ಫೆಲೊಷಿಪ್‌ಗಳನ್ನು ಸ್ಥಾಪಿಸಿತು. ವರ್ನರ್ ಹೈಸೆನ್‌ಬರ್ಗ್ ೧೯೨೪ರಲ್ಲಿ ಕೋಪನ್‌ಹೇಗನ್ನಿನ ನೀಲ್ಸ್ ಬೋರರ ಬಳಿಗೆ ಹೋದುದೂ ಇಂಥ ಒಂದು ಫೆಲೊಷಿಪ್ಪಿನ ಬಲದಿಂದಲೇ. ಮರುವರ್ಷ ಅವರು ಕ್ವಾಂಟಂ ಬಲವಿಜ್ಞಾನದ ಹೊಸ ರೂಪವನ್ನು ಜಗತ್ತಿನ ಮುಂದಿಟ್ಟರು.

ಪಿಎಚ್.ಡಿ.ಗೆ ಮೂರು ಬಾಗಿಲು

ಮಣೆಯ ಮೂರನೆಯ ಕಾಲು ಹಣ. ಅದು ಯಾರ ಕೈಯಲ್ಲಿದೆಯೆಂಬುದನ್ನು ತಿಳಿದರೆ ಯಾವ ಬಾಗಿಲನ್ನು ತಟ್ಟಬೇಕೆಂಬುದೂ ತಿಳಿಯುತ್ತದೆ. ನಮ್ಮ ದೇಶದಲ್ಲಿ ಮೂರು ಬಾಗಿಲುಗಳಿವೆ.

ಮೊದಲನೆಯದು, ಅಭ್ಯರ್ಥಿಯ ಜೊತೆಯಲ್ಲಿಯೇ ನಡೆದು ಬರುವ ಹಣ. ಸಿ.ಎಸ್.ಐ.ಆರ್. ಮತ್ತು ಯು.ಜಿ.ಸಿ.ಗಳ ನೆಟ್ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಜೂನಿಯರ್ ರಿಸರ್ಚ್ ಫೆಲೊಷಿಪ್ ದೊರೆಯುತ್ತದೆ. ೨೦೨೩ರ ಜನವರಿಯಿಂದ ಜಾರಿಗೆ ಬಂದ ದರದಂತೆ ಇದು ತಿಂಗಳಿಗೆ ೩೭,೦೦೦ ರೂಪಾಯಿ. ಎರಡು ವರ್ಷಗಳ ತರುವಾಯ ಕೆಲಸ ತೃಪ್ತಿಕರವೆನಿಸಿದರೆ ೪೨,೦೦೦ ರೂಪಾಯಿ. ಮನೆ ಬಾಡಿಗೆಯ ಭತ್ಯೆ ಬೇರೆ. ಇದನ್ನು ಪಡೆದವನು ತನಗೆ ಒಪ್ಪುವ ಮಾರ್ಗದರ್ಶಕನನ್ನು ತಾನೇ ಹುಡುಕಿಕೊಳ್ಳಬಹುದು. ಹಣ ತನ್ನದೇ ಆಗಿರುವುದರಿಂದ ಪ್ರಾಧ್ಯಾಪಕರೂ ಸುಲಭವಾಗಿ ಒಪ್ಪುವರು.

ಎರಡನೆಯದು, ಸಂಸ್ಥೆಯೇ ಕೊಡುವ ಹಣ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ, ಐ.ಐ.ಟಿ.ಗಳು, ಐಸರ್‌ಗಳು, ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಇವೆಲ್ಲ ತಮ್ಮ ಸಂಶೋಧನಾ ವಿದ್ಯಾರ್ಥಿಗಳನ್ನು ತಾವೇ ಆರಿಸಿಕೊಳ್ಳುವುವು. ಇದಕ್ಕೆ ನೆಟ್ ಅಥವಾ ಗೇಟ್ ಅಂಕ, ಭೌತವಿಜ್ಞಾನಕ್ಕಾದರೆ ಜೆಸ್ಟ್ ಎಂಬ ಪರೀಕ್ಷೆಯ ಅಂಕ, ಅದರ ಮೇಲೆ ಸಂದರ್ಶನ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗೇಟ್ ಮುಖ್ಯವಾದ ಬಾಗಿಲು. ಅದರ ಅಂಕ ಮೂರು ವರ್ಷ ಸಲ್ಲುತ್ತದೆ. ಬಿ.ಎಸ್‌ಸಿ. ಆದ ಕೂಡಲೇ ಜ್ಯಾಮ್ ಎಂಬ ಪರೀಕ್ಷೆಯ ಮೂಲಕ ವಿಜ್ಞಾನ ಮಂದಿರದ ಸಂಯುಕ್ತ ಪಿಎಚ್.ಡಿ. ಕಾರ್ಯಕ್ರಮಕ್ಕೆ ಸೇರುವ ಅವಕಾಶವೂ ಉಂಟು. ಈ ಪ್ರವೇಶಗಳ ಪ್ರಕಟಣೆಗಳು ಹೆಚ್ಚಾಗಿ ವರ್ಷಾರಂಭದ ತಿಂಗಳುಗಳಲ್ಲಿ ಹೊರಡುತ್ತವೆ. ತರಗತಿಗಳು ಜುಲೈ ಅಥವಾ ಆಗಸ್ಟ್ ತಿಂಗಳಲ್ಲಿ ಆರಂಭವಾಗುತ್ತವೆ. ಏಪ್ರಿಲ್ ತಿಂಗಳಲ್ಲಿ ಎಂ.ಎಸ್‌ಸಿ. ಪರೀಕ್ಷೆ ಮುಗಿಸಿ, ಆಮೇಲೆ ವಿಚಾರಿಸೋಣವೆಂದು ಕುಳಿತವನು ಒಂದು ವರ್ಷವನ್ನು ಕಳೆದುಕೊಂಡಂತೆಯೇ ಸರಿ.

ಮೂರನೆಯ ಬಾಗಿಲನ್ನು ಬಹಳ ಮಂದಿ ನೋಡಿಯೇ ಇರುವುದಿಲ್ಲ. ಪ್ರಾಧ್ಯಾಪಕರೊಬ್ಬರು ಸರ್ಕಾರದ ಇಲಾಖೆಯಿಂದ ಒಂದು ಯೋಜನೆಗೆ ಹಣ ಪಡೆದಾಗ, ಆ ಯೋಜನೆಯಲ್ಲಿಯೇ ಒಬ್ಬಿಬ್ಬರು ಸಹಾಯಕರಿಗೆ ಅವಕಾಶವಿರುತ್ತದೆ. ಇಂಥ ಹುದ್ದೆಯ ಪ್ರಕಟಣೆ ಸಂಸ್ಥೆಯ ಜಾಲತಾಣದ ಒಂದು ಮೂಲೆಯಲ್ಲಿ ಎರಡು ಮೂರು ವಾರ ಇದ್ದು ಮಾಯವಾಗುತ್ತದೆ. ವರ್ಷದ ಯಾವ ತಿಂಗಳಲ್ಲಾದರೂ ಬರಬಹುದು. ಅವಧಿ ಚಿಕ್ಕದು, ಮುಂದೆ ಪಿಎಚ್.ಡಿ. ದೊರೆತೇ ತೀರುವುದೆಂಬ ಭರವಸೆಯೂ ಇಲ್ಲ. ಆದರೂ ಪ್ರಯೋಗಶಾಲೆಯ ಒಳಗೆ ಕಾಲಿಡಲು, ತನಗೆ ಈ ಜೀವನ ಹಿಡಿಸುವುದೋ ಇಲ್ಲವೋ ಎಂದು ತಿಳಿಯಲು, ಮಾರ್ಗದರ್ಶಕರಿಗೂ ನಮ್ಮ ಕೆಲಸವನ್ನು ನೋಡಲು, ಇದಕ್ಕಿಂತ ಒಳ್ಳೆಯ ದಾರಿ ಕಡಮೆ.

ಹೊರದೇಶಗಳಲ್ಲಿ ಬಾಗಿಲುಗಳ ಆಕಾರ ಸ್ವಲ್ಪ ಬೇರೆ. ಅಮೆರಿಕದಲ್ಲಿ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಇಡೀ ವಿಭಾಗ. ಅರ್ಜಿಗಳ ಗಡುವು ಬಹುಮಟ್ಟಿಗೆ ಡಿಸೆಂಬರ್ ಮತ್ತು ಜನವರಿಯ ನಡುವೆ ಬೀಳುತ್ತದೆ. ಪಾಠ ಹೇಳಿಕೊಡುವ ಅಥವಾ ಸಂಶೋಧನೆಗೆ ನೆರವಾಗುವ ಕೆಲಸಕ್ಕೆ ಪ್ರತಿಯಾಗಿ ಜೀವನ ವೇತನ ದೊರೆಯುತ್ತದೆ. ಜರ್ಮನಿಯಲ್ಲಾದರೋ ಪಿಎಚ್.ಡಿ. ಎಂಬುದು ಅನೇಕ ವೇಳೆ ಒಬ್ಬ ಪ್ರಾಧ್ಯಾಪಕರ ಕೈಕೆಳಗಿನ ಉದ್ಯೋಗ. ಬೇರೆ ಕೆಲಸಗಳಂತೆಯೇ ಅದನ್ನೂ ಪ್ರಕಟಿಸಿ ಭರ್ತಿ ಮಾಡುವರು. ಈ ವ್ಯತ್ಯಾಸವನ್ನರಿಯದೆ ಅಮೆರಿಕದ ಪ್ರಾಧ್ಯಾಪಕರಿಗೆ ಮೇ ತಿಂಗಳಲ್ಲಿ ‘ಕೆಲಸ ಕೊಡಿ’ ಎಂದು ಬರೆದರೆ ಅವರು ಕೊಡಬೇಕೆಂದರೂ ಕೊಡಲಾರರು.

ಡಾಕ್ಟರೇಟ್ ಆದ ಮೇಲೆ

ಪೋಸ್ಟ್‌ಡಾಕ್ ಹುದ್ದೆಗಳಿಗೂ ಇದೇ ಲೆಕ್ಕ ಸಲ್ಲುತ್ತದೆ. ಜೊತೆಯಲ್ಲಿ ಬರುವ ಹಣಕ್ಕೆ ಉದಾಹರಣೆ, ನಮ್ಮ ದೇಶದ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೊಷಿಪ್, ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನದ ಫೆಲೊಷಿಪ್, ಯೂರೋಪಿನ ಒಕ್ಕೂಟ ಮೇರಿ ಕ್ಯೂರಿಯವರ ಹೆಸರಿನಲ್ಲಿ ಕೊಡುವ ಫೆಲೊಷಿಪ್. ಇವೆಲ್ಲಕ್ಕೂ ಒಂದು ಸಮಾನ ನಿಯಮವುಂಟು: ಅರ್ಜಿ ಹಾಕುವುದಕ್ಕೆ ಮೊದಲೇ ಆಶ್ರಯ ಕೊಡುವ ವಿಜ್ಞಾನಿಯೊಬ್ಬರು ಒಪ್ಪಿರಬೇಕು. ಮೇರಿ ಕ್ಯೂರಿ ಫೆಲೊಷಿಪ್ಪಿಗೆ ವರ್ಷಕ್ಕೊಂದೇ ಗಡುವು. ಎರಡನೆಯ ಬಗೆ, ಸಂಸ್ಥೆಗಳೇ ಕೊಡುವ ಹುದ್ದೆ. ಮೂರನೆಯ ಬಗೆ, ಪ್ರಾಧ್ಯಾಪಕರ ಯೋಜನೆಯಿಂದ ಬರುವ ಹುದ್ದೆ. ನಮ್ಮಲ್ಲಿ ಇದಕ್ಕೆ ರಿಸರ್ಚ್ ಅಸೋಸಿಯೇಟ್ ಎಂಬ ಹೆಸರು. ೨೦೨೩ರ ದರದಂತೆ ಇದರ ವೇತನ ಅನುಭವವನ್ನನುಸರಿಸಿ ೫೮,೦೦೦ದಿಂದ ೬೭,೦೦೦ ರೂಪಾಯಿಗಳವರೆಗೆ.

ಪ್ರಕಟಣೆಗಳು ಎಲ್ಲಿ ಸಿಕ್ಕುತ್ತವೆ? ಖಗೋಳ ವಿಜ್ಞಾನಿಗಳಿಗೆ ಅಮೆರಿಕದ ಖಗೋಳ ಸಂಘದ ಉದ್ಯೋಗ ಪಟ್ಟಿ, ಕಣ ಭೌತವಿಜ್ಞಾನಿಗಳಿಗೆ ಇನ್‌ಸ್ಪೈರ್ ಎಂಬ ಜಾಲತಾಣ, ಯೂರೋಪಿನ ಎಲ್ಲ ವಿಷಯಗಳಿಗೂ ಯುರಾಕ್ಸೆಸ್. ಸೈದ್ಧಾಂತಿಕ ವಿಷಯಗಳಲ್ಲಿಯೂ ಖಗೋಳ ವಿಜ್ಞಾನದಲ್ಲಿಯೂ ಮುಂದಿನ ವರ್ಷದ ಹುದ್ದೆಗಳಿಗೆ ಹಿಂದಿನ ವರ್ಷದ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಅರ್ಜಿ ಕರೆಯುವುದು ವಾಡಿಕೆ. ಆದುದರಿಂದ ಪ್ರಬಂಧವನ್ನು ಒಪ್ಪಿಸುವುದಕ್ಕೆ ಒಂದು ವರ್ಷ ಮುಂಚೆಯೇ ಹುಡುಕಲು ತೊಡಗಬೇಕು.

ಪ್ರಶ್ನೆಯಿಂದ ಪ್ರಯೋಗಶಾಲೆಗೆ

ಹಣದ ವಿಷಯ ಇಷ್ಟಾಯಿತು. ಇನ್ನು ಮಾರ್ಗದರ್ಶಕರನ್ನು ಹುಡುಕುವುದು ಹೇಗೆ? ಸೋಪಿನ ಪೊರೆಯ ಹುಡುಗನಿಗೆ ನಾನು ತೋರಿಸಿದ ದಾರಿಯನ್ನೇ ಹೇಳುತ್ತೇನೆ.

“ನಿನಗೆ ಆಶ್ಚರ್ಯವಾದದ್ದು ಏನು?” ಎಂದು ಕೇಳಿದೆ. “ಕೊನೆಯಲ್ಲಿ ಕಪ್ಪಾಯಿತಲ್ಲ ಸಾರ್, ಅಷ್ಟು ತೆಳ್ಳಗಾದ ಮೇಲೂ ಕೂಡಲೇ ಒಡೆಯದೆ ಹೇಗೆ ನಿಂತಿತು?” ಎಂದ. ಕಪ್ಪಾಗುವುದಕ್ಕೆ ಕಾರಣ ಪಠ್ಯಪುಸ್ತಕದಲ್ಲಿದೆ. ಪೊರೆಯ ಮುಂಭಾಗದಿಂದ ಪ್ರತಿಫಲಿಸುವ ಬೆಳಕಿನ ಅಲೆ ತಲೆಕೆಳಗಾಗುತ್ತದೆ, ಹಿಂಭಾಗದಿಂದ ಪ್ರತಿಫಲಿಸುವುದು ತಲೆಕೆಳಗಾಗುವುದಿಲ್ಲ. ಪೊರೆ ಬಹಳ ತೆಳುವಾದಾಗ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಆದರೆ ಅಷ್ಟು ತೆಳುವಾದ ಪೊರೆ ಏಕೆ ನಿಲ್ಲುತ್ತದೆಂಬುದು ಸೋಪಿನ ಅಣುಗಳ ನಡುವಣ ಬಲಗಳ ವಿಷಯ. ಅದು ಮೃದುದ್ರವ್ಯ ಭೌತವಿಜ್ಞಾನವೆಂಬ ಶಾಖೆಗೆ ಸೇರಿದ್ದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಆ ಶಾಖೆಯ ಒಂದು ತಂಡವೇ ಇದೆ. ನೋಡಿ, ಒಂದು ಪ್ರಶ್ನೆ ಮೂರು ಹೆಜ್ಜೆಗಳಲ್ಲಿ ನಮ್ಮನ್ನು ಒಂದು ವಿಳಾಸಕ್ಕೆ ತಂದು ನಿಲ್ಲಿಸಿತು.

ನಾಲ್ಕನೆಯ ಹೆಜ್ಜೆ, ಆ ತಂಡದವರ ಲೇಖನಗಳನ್ನು ಓದುವುದು. ೧೯೯೧ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ಆರಂಭಿಸಿದ ಆರ್ಕೈವ್ ಎಂಬ ಭಂಡಾರದಲ್ಲಿ ಭೌತವಿಜ್ಞಾನ ಮತ್ತು ಗಣಿತದ ಲೇಖನಗಳು ಯಾರಿಗಾದರೂ ಪುಕ್ಕಟೆಯಾಗಿ ಸಿಕ್ಕುತ್ತವೆ. ಮೊದಲ ಸಲ ಓದಿದಾಗ ಹತ್ತರಲ್ಲಿ ಒಂದು ವಾಕ್ಯ ಅರ್ಥವಾದರೆ ಸಾಕು. ಪೀಠಿಕೆಯನ್ನು ಓದಿ, ಚಿತ್ರಗಳನ್ನು ನೋಡಿ, ಅನಂತರ ಕೊನೆಯ ಪುಟಕ್ಕೆ ಹೋಗಿ. ಅಲ್ಲಿ ‘ಕೃತಜ್ಞತೆ’ ಎಂಬ ಸಣ್ಣ ಅಕ್ಷರದ ಭಾಗವಿರುತ್ತದೆ. ಯಾವ ಇಲಾಖೆ ಹಣ ಕೊಟ್ಟಿತು, ಯಾವ ಯೋಜನೆಯಲ್ಲಿ ಕೆಲಸ ನಡೆಯಿತು ಎಂಬುದು ಅಲ್ಲಿ ಬಯಲಾಗುತ್ತದೆ. ತಂಡದ ಜಾಲತಾಣದಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿಯಿದ್ದರೆ ಅದನ್ನೂ ನೋಡಿ: ಅವರು ಎಷ್ಟು ವರ್ಷಗಳಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ? ಸಾಧ್ಯವಾದರೆ ಅವರಲ್ಲೊಬ್ಬರನ್ನು ವಿಚಾರಿಸಿ. ಐದು ವರ್ಷ ಯಾರೊಡನೆ ಕೆಲಸ ಮಾಡಬೇಕೋ ಅವರ ಸ್ವಭಾವವನ್ನು ತಿಳಿದುಕೊಳ್ಳುವುದು, ಅವರ ಕೀರ್ತಿಯನ್ನು ತಿಳಿದುಕೊಳ್ಳುವುದಕ್ಕಿಂತ ಮುಖ್ಯ.

ಪತ್ರ ಬರೆಯುವ ಬಗೆ

ಈ ವಿಷಯದಲ್ಲಿ ನನ್ನದೇ ಅನುಭವವನ್ನು ಹೇಳಲು ಸಂಕೋಚಪಡುವುದಿಲ್ಲ. ಎಂ.ಎಸ್‌ಸಿ. ಮುಗಿಸಿದ ವರ್ಷ ನಾನು ಒಂದೇ ಪತ್ರವನ್ನು ಮೂವತ್ತೆಂಟು ಮಂದಿ ಪ್ರಾಧ್ಯಾಪಕರಿಗೆ ಇ-ಮೇಲ್ ಮೂಲಕ ಕಳುಹಿಸಿದೆ. “ತಮ್ಮ ಮಹತ್ತರವಾದ ಸಂಶೋಧನೆಗಳಿಂದ ಪ್ರಭಾವಿತನಾಗಿ” ಎಂದು ಅದರ ಪ್ರಾರಂಭ. ಉತ್ತರ ಬಂದುದು ಒಂದೇ. ಅದರಲ್ಲಿ ಇದ್ದುದಿಷ್ಟು: “ತಮ್ಮ ಪತ್ರ ತಲಪಿತು. ತಾವು ಹೊಗಳಿರುವ ಕೆಲಸ ನನ್ನದಲ್ಲ, ಪಕ್ಕದ ಕೊಠಡಿಯವರದು.” ಹೆಸರು ಬದಲಾಯಿಸುವಾಗ ವಿಷಯವನ್ನು ಬದಲಾಯಿಸಲು ಮರೆತಿದ್ದೆ! ಅನಂತರ ಯೋಜನೆಯೊಂದರ ಸಂದರ್ಶನಕ್ಕೆ ಹೋದೆ. ಎಂ.ಎಸ್‌ಸಿ.ಯಲ್ಲಿ ನಾನೇ ಬಳಸಿದ ಉಪಕರಣ ಏನನ್ನು ಅಳೆಯುತ್ತದೆಂದು ಕೇಳಿದರು. ಗುಂಡಿ ಒತ್ತುವುದು ಗೊತ್ತಿತ್ತು, ಉತ್ತರ ಗೊತ್ತಿರಲಿಲ್ಲ. ಅಷ್ಟರಲ್ಲಿ ಮನೆಯ ಹೊಣೆ ಹೆಗಲಿಗೆ ಬಂದಿತು, ಅಧ್ಯಾಪಕನಾದೆ. ಈ ವೃತ್ತಿಯಲ್ಲಿ ನನಗೆ ಸಂತೋಷವಿದೆ. ಆದರೆ ಅಂದು ಯಾರಾದರೂ ಅರ್ಧ ಗಂಟೆ ಕುಳಿತು ಹೇಳಿದ್ದರೆ ಆ ಮೂವತ್ತೆಂಟು ಪತ್ರಗಳ ಬದಲು ನಾಲ್ಕು ಒಳ್ಳೆಯ ಪತ್ರಗಳನ್ನು ಬರೆಯುತ್ತಿದ್ದೆನೆಂದು ಈಗಲೂ ಅನ್ನಿಸುತ್ತದೆ.

ಒಳ್ಳೆಯ ಪತ್ರಕ್ಕೆ ಹತ್ತು ಹನ್ನೆರಡು ಸಾಲು ಸಾಕು. ನೀವು ಯಾರು, ಎಲ್ಲಿ ಓದುತ್ತಿರುವಿರಿ. ಅವರ ಯಾವ ಲೇಖನವನ್ನು ಓದಿದಿರಿ, ಅದರಲ್ಲಿ ನಿಮಗೆ ಹುಟ್ಟಿದ ಪ್ರಶ್ನೆ ಯಾವುದು. ನಿಮ್ಮ ಕೈಯಿಂದ ಏನು ಆಗುತ್ತದೆ, ಅಂದರೆ ಗಣಕದ ಯಾವ ಭಾಷೆ ಬರುತ್ತದೆ, ಯಾವ ಉಪಕರಣವನ್ನು ಬಳಸಿದ್ದೀರಿ. ನೆಟ್ ಅಥವಾ ಗೇಟ್ ಆಗಿದೆಯೆ. ಯಾವ ತಿಂಗಳಿನಿಂದ ಬರಬಲ್ಲಿರಿ. ನೀವು ಕೇಳುತ್ತಿರುವುದು ಏನು. ಇಷ್ಟೇ. ಹೊಗಳಿಕೆ ಬೇಡ, ದೈನ್ಯವೂ ಬೇಡ.

ಇದಕ್ಕೆ ನಮ್ಮ ನಾಡಿನದೇ ಒಂದು ದೊಡ್ಡ ನಿದರ್ಶನವುಂಟು. ೧೯೨೪ರಲ್ಲಿ ಢಾಕಾ ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು ಡಾಕ್ಟರೇಟ್ ಪಡೆದವರಲ್ಲ. ಅವರು ತಮ್ಮ ಪುಟ್ಟ ಲೇಖನವೊಂದನ್ನು ನೇರವಾಗಿ ಐನ್‌ಸ್ಟೈನರಿಗೆ ಕಳುಹಿಸಿ, ಓದಿ ಅಭಿಪ್ರಾಯ ತಿಳಿಸುವಂತೆ ಕೇಳಿದರು. ಐನ್‌ಸ್ಟೈನರು ಅದನ್ನು ಸ್ವತಃ ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದರು. ಅವರು ಬರೆದ ಮೆಚ್ಚುಗೆಯ ಕಾರ್ಡನ್ನು ನೋಡಿ ವಿಶ್ವವಿದ್ಯಾನಿಲಯ ಬೋಸರಿಗೆ ಎರಡು ವರ್ಷ ಯೂರೋಪಿಗೆ ಹೋಗಲು ರಜೆ ಕೊಟ್ಟಿತು. ಒಮ್ಮೆ ಅರ್ಜಿಗೆ ಉತ್ತರ ಕಾಣದೆ ನೊಂದಿದ್ದ ವ್ಯಕ್ತಿಯೇ ಇನ್ನೊಬ್ಬ ಅಪರಿಚಿತನ ಪತ್ರಕ್ಕೆ ಹೀಗೆ ಉತ್ತರ ಬರೆದುದು ಗಮನಾರ್ಹ.

ಶಿಫಾರಸು ಪತ್ರದ ವಿಷಯವಾಗಿ ಒಂದು ಮಾತು. ಹೊರದೇಶದ ಅರ್ಜಿಗಳಿಗೆ ಸಾಮಾನ್ಯವಾಗಿ ಮೂವರ ಶಿಫಾರಸು ಬೇಕು. ದೊಡ್ಡ ಹೆಸರಿನವರಿಗಿಂತ ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರೇ ಲೇಸು. ಗಡುವಿಗೆ ಮೂರು ನಾಲ್ಕು ವಾರ ಮುಂಚೆ ಕೇಳಿ. ಹಿಂದಿನ ದಿನ ಸಂಜೆ ಬಂದು “ಸಾರ್, ನಾಳೆಯೇ ಕೊನೆ” ಎನ್ನಬೇಡಿ. ಯಾರಾದರೂ ಹಣ ಪಡೆದು ಹುದ್ದೆ ಕೊಡಿಸುವೆನೆಂದರೆ, ಹಣ ಪಡೆದು ವಾರದೊಳಗೆ ಲೇಖನ ಪ್ರಕಟಿಸುವೆನೆಂದರೆ, ಅಲ್ಲಿಂದ ಎದ್ದು ಬನ್ನಿ. ನ್ಯಾಯವಾದ ಸಂಸ್ಥೆಗಳು ಅರ್ಜಿಯ ಶುಲ್ಕವನ್ನು ಕೇಳಬಹುದು. ಹುದ್ದೆಯ ಬೆಲೆಯನ್ನು ಕೇಳುವುದಿಲ್ಲ.

ಪಟ್ಟಿಯಲ್ಲಿ ಎರಡನೆಯವನು

ಇಷ್ಟೆಲ್ಲ ಮಾಡಿದರೂ ‘ಇಲ್ಲ’ ಎಂಬ ಉತ್ತರ ಬರುವುದುಂಟು. ೧೮೯೫ರಲ್ಲಿ ನ್ಯೂಜಿಲೆಂಡಿನಲ್ಲಿ ಒಂದೇ ಒಂದು ವಿದ್ಯಾರ್ಥಿವೇತನಕ್ಕೆ ಆಯ್ಕೆ ನಡೆದಾಗ ಮೊದಲ ಸ್ಥಾನ ಮೆಕ್ಲಾರಿನ್ ಎಂಬ ರಸಾಯನ ವಿಜ್ಞಾನಿಗೆ ಹೋಯಿತು. ಅವರು ಅದನ್ನು ಬಿಟ್ಟುಕೊಟ್ಟಾಗ ಎರಡನೆಯ ಸ್ಥಾನದಲ್ಲಿದ್ದವರಿಗೆ ಅದು ಸಿಕ್ಕಿತು. ಆ ಎರಡನೆಯವರು ಅರ್ನೆಸ್ಟ್ ರುದರ್‌ಫರ್ಡ್. ಅವರು ಕೇಂಬ್ರಿಜ್ಜಿಗೆ ಹೋಗಿ ಜೆ. ಜೆ. ಥಾಮ್ಸನ್ನರ ಬಳಿ ಕೆಲಸ ಮಾಡಿದರು. ಮುಂದೆ ಪರಮಾಣುವಿನ ಬೀಜವನ್ನು ಕಂಡುಹಿಡಿದರು. ಮೊದಲ ಸ್ಥಾನ ಸಿಕ್ಕಲಿಲ್ಲವೆಂದು ಮುನಿಸಿಕೊಳ್ಳುವುದು ತರವಲ್ಲ. ನಿರಾಕರಣೆಯ ಪತ್ರಕ್ಕೂ ವಿನಯದಿಂದ ಉತ್ತರ ಬರೆದು, ಮುಂದಿನ ವರ್ಷ ಮತ್ತೆ ವಿಚಾರಿಸುವೆನೆಂದು ತಿಳಿಸುವುದು ಉಚಿತ.

ಲೆಕ್ಕದ ಇನ್ನೊಂದು ಮುಖ

ಈ ದಾರಿಯ ಕಷ್ಟವನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸುವುದು ನ್ಯಾಯವಾಗದು. ಒಂದು ಸರಳವಾದ ಲೆಕ್ಕ ಮಾಡೋಣ. ಪ್ರಾಧ್ಯಾಪಕರೊಬ್ಬರು ಮೂವತ್ತು ವರ್ಷ ಕೆಲಸ ಮಾಡುವರೆನ್ನಿ. ಮೂರು ವರ್ಷಕ್ಕೊಬ್ಬನಂತೆ ವಿದ್ಯಾರ್ಥಿಯನ್ನು ತೆಗೆದುಕೊಂಡರೂ ಹತ್ತು ಮಂದಿ ಡಾಕ್ಟರೇಟ್ ಪಡೆಯುವರು. ಆದರೆ ಅವರು ನಿವೃತ್ತರಾದಾಗ ತೆರವಾಗುವ ಕುರ್ಚಿ ಒಂದೇ. ೨೦೦೬ರಿಂದ ಐಸರ್‌ಗಳು ತೆರೆದಂತೆ ಹೊಸ ಸಂಸ್ಥೆಗಳು ಬಂದಾಗ ಕುರ್ಚಿಗಳು ಹೆಚ್ಚುವುದು ನಿಜ. ಆದರೂ ಹತ್ತು ಮಂದಿಗೂ ಅಲ್ಲಿ ಸ್ಥಳವಿರದು. ಪೋಸ್ಟ್‌ಡಾಕ್ ಆಗಿ ಊರಿಂದೂರಿಗೆ ಅಲೆದು ಮೂವತ್ತೈದು ದಾಟಿದರೂ ಖಾಯಂ ಕೆಲಸವಿಲ್ಲದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಮನೆಯಲ್ಲಿ ನಿಮ್ಮ ಸಂಬಳವನ್ನು ಎದುರುನೋಡುವವರಿದ್ದರೆ ಈ ಲೆಕ್ಕವನ್ನು ಅವರ ಮುಂದೆಯೂ ಇಡಿ.

ಹಾಗೆಂದು ಉಳಿದ ಒಂಬತ್ತು ಮಂದಿ ವ್ಯರ್ಥರಾದರೆಂದಲ್ಲ. ಸರ್ಕಾರದ ಪ್ರಯೋಗಶಾಲೆಗಳು, ಕೈಗಾರಿಕೆಗಳು, ಉಪಕರಣ ತಯಾರಿಸುವ ಕಂಪನಿಗಳು, ಕಾಲೇಜುಗಳು, ಇವಕ್ಕೆಲ್ಲ ಅವರು ಬೇಕು. ಬೇಗನೆ ಸಂಪಾದನೆ ಬೇಕಾದವರಿಗೆ ಡಾಕ್ಟರೇಟಿಗೆ ಕಾಯದ ದಾರಿಗಳೂ ಇವೆ: ಭಾಭಾ ಅಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆ ಎಂ.ಎಸ್‌ಸಿ. ಮತ್ತು ಇಂಜಿನಿಯರಿಂಗ್ ಪದವೀಧರರನ್ನೇ ಆರಿಸಿಕೊಳ್ಳುತ್ತದೆ. ಕೆಲಸ ಮಾಡುತ್ತಲೇ ಸಂಶೋಧನೆ ನಡೆಸಿದವರೂ ಇಲ್ಲದಿಲ್ಲ. ೧೯೦೭ರಲ್ಲಿ ಕಲ್ಕತ್ತೆಯ ಹಣಕಾಸಿನ ಇಲಾಖೆ ಸೇರಿದ ಸಿ. ವಿ. ರಾಮನ್ನರು ಕಚೇರಿಯ ಮುಂಚೆಯೂ ಅನಂತರವೂ ಅಲ್ಲಿಯ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ದುಡಿದರು. ೧೯೧೭ರಲ್ಲಿ ಹೆಚ್ಚು ಸಂಬಳದ ಆ ಹುದ್ದೆಯನ್ನು ಬಿಟ್ಟು ಕಡಮೆ ಸಂಬಳದ ಪ್ರಾಧ್ಯಾಪಕರಾದರು. ಅವರಿಗೆ ಪ್ರಶ್ನೆ ಮೊದಲು ಬಂದಿತು, ಹುದ್ದೆ ಆಮೇಲೆ.

ಈಗಲೇ ಮಾಡಬಹುದಾದುದು

ಪ್ರೌಢಶಾಲೆಯಲ್ಲಿರುವವರು ವಿಜ್ಞಾನ ಮಂದಿರ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಹೋಗಿ ನೋಡಿ ಬರಬಹುದು. ಪದವಿ ತರಗತಿಯವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಗೆಯ ಸಂಶೋಧನಾ ಫೆಲೊಷಿಪ್ ಉಂಟು. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸ ಮಾಡುವರು. ಇದಕ್ಕೆ ಅಧ್ಯಾಪಕರೂ ಅರ್ಜಿ ಹಾಕಬಹುದು. ಇವೆಲ್ಲಕ್ಕಿಂತ ಮೊದಲು ಒಂದು ನೋಟುಪುಸ್ತಕವನ್ನಿಡಿ. ಪಾಠದಲ್ಲಿಯೋ ಪ್ರಯೋಗದಲ್ಲಿಯೋ ಉತ್ತರ ಸಿಕ್ಕದ ಪ್ರಶ್ನೆ ಬಂದಾಗ ಅದರಲ್ಲಿ ಬರೆಯಿರಿ. ಫ್ಯಾರಡೆ ಕಳುಹಿಸಿದುದೂ ಒಂದು ನೋಟುಪುಸ್ತಕವನ್ನೇ ಅಲ್ಲವೆ?

ಆ ಹುಡುಗ ಬೇಸಗೆಯ ಫೆಲೊಷಿಪ್ಪಿಗೆ ಅರ್ಜಿ ಹಾಕಿದ್ದಾನೆ. ತನ್ನ ಆಸಕ್ತಿಯನ್ನು ವಿವರಿಸುವ ಪುಟವನ್ನು ನಾಲ್ಕು ಸಲ ತಿದ್ದಿ ಬರೆದ. ನಾಲ್ಕನೆಯ ಸಲ ಅದರಲ್ಲಿ ಸೋಪಿನ ಪೊರೆಯ ಒಂದು ಚಿತ್ರವೂ, ಅದು ಕಪ್ಪಾದ ಮೇಲೆ ಎಷ್ಟು ಸೆಕೆಂಡು ನಿಲ್ಲುತ್ತದೆಂದು ಅವನೇ ಅಳೆದ ಒಂದು ಪಟ್ಟಿಯೂ ಇದ್ದುವು. ಉತ್ತರ ಇನ್ನೂ ಬಂದಿಲ್ಲ. ಬಾರದೆ ಹೋದರೂ ಅವನು ಬಾಗಿಲು ಎಲ್ಲಿದೆಯೆಂದು ಇನ್ನು ಕೇಳಬೇಕಾಗಿಲ್ಲ.